ಅಶೋಕ ನಗರದ ನಮ್ಮ ವಿಯೆಟ್ನಾಮ್ ಹೋಟೆಲಿಗೆ ಕನ್ನಡ ಮೆನು ಬರೆಯಬೇಕು, ಕೈ ಜೋಡಿಸಿ

ಅಮಾನಿಕೆರೆ ದಂಡೆ · ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ತುಮಕೂರಿನ ಅಶೋಕ ನಗರದಲ್ಲಿ, ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ, ಒಂದು ಪುಟ್ಟ ವಿಯೆಟ್ನಾಮ್ ಹೋಟೆಲ್ ಇದೆ. ಮನೆಯ ಮುಂದಿನ ಹಾಲನ್ನೇ ಹೋಟೆಲ್ ಮಾಡಿಕೊಂಡಿದ್ದಾರೆ. ಆರೇ ಟೇಬಲ್. ಯಜಮಾನರು ತಿಪಟೂರು ಕಡೆಯವರು. ಹೋ ಚಿ ಮಿನ್ ಸಿಟಿಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಹಲವು ವರ್ಷ ಕೆಲಸ ಮಾಡಿ ಊರಿಗೆ ಬಂದವರು. ಅವರ ಹೆಂಡತಿ ಅಲ್ಲಿಯವರೇ. ಮೆಕಾಂಗ್ ನದಿ ಸಮುದ್ರ ಸೇರುವ ಕಡೆ ಬೆನ್ ತ್ರೆ ಅಂತ ಒಂದು ಸೀಮೆ, ಅಲ್ಲಿ ಹುಟ್ಟಿ ಬೆಳೆದವರು. ನಮಗೆ ತಿಪಟೂರು ಹೇಗೋ ಅವರ ದೇಶಕ್ಕೆ ಬೆನ್ ತ್ರೆ ಹಾಗೆ, ಎಲ್ಲಿ ನೋಡಿದರೂ ತೆಂಗು. ಒಂದು ತೆಂಗಿನ ಸೀಮೆಯಿಂದ ಇನ್ನೊಂದಕ್ಕೆ ಸೊಸೆಯಾಗಿ ಬಂದಿದ್ದಾರೆ. ನಾವೆಲ್ಲ ಅವರನ್ನು ಅಕ್ಕ ಅಂತಲೇ ಕರೆಯುತ್ತೇವೆ. ಅವರು ನಮ್ಮ ಅತ್ತೆಯನ್ನು ‘ಬಾ’ ಅನ್ನುತ್ತಾರೆ. ಅವರ ಭಾಷೆಯಲ್ಲಿ ಅಜ್ಜಿ ಅಂತ ಅರ್ಥ.

ವಾರಕ್ಕೆ ಒಂದು ಸಲವಾದರೂ ನಾವು ಅಲ್ಲಿ ಊಟ ಮಾಡುತ್ತೇವೆ. ನನಗೆ ಅಲ್ಲಿನ ಕೋಳಿ ಸಾರಿನ ಬಟ್ಟಲು ಅಂದರೆ ಪ್ರಾಣ. ಬಟ್ಟಲು ಟೇಬಲಿಗೆ ಬಂದ ಕೂಡಲೇ ಹಬೆ ಮುಖಕ್ಕೆ ಬರುತ್ತದೆ. ಚಕ್ಕೆ, ಅನಾನಸ್ ಹೂವು, ಸುಟ್ಟ ಶುಂಠಿ, ಮೂರರ ವಾಸನೆಯೂ ಬೇರೆಬೇರೆಯಾಗಿ ಗೊತ್ತಾಗುತ್ತದೆ. ಸಾರು ಎಷ್ಟು ತಿಳಿ ಅಂದರೆ ಬಟ್ಟಲಿನ ತಳದಲ್ಲಿರುವ ನೀಲಿ ಹೂವಿನ ಚಿತ್ರ ಕಾಣುತ್ತದೆ. ಒಳಗೆ ಬಿಳಿ ಅಕ್ಕಿ ಪಟ್ಟಿಗಳು, ಮೇಲೆ ಬಿಡಿಸಿ ಹಾಕಿದ ಕೋಳಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಹೂವು. ಪಕ್ಕದಲ್ಲಿ ಒಂದು ತಟ್ಟೆ ತುಂಬಾ ಹಸಿ ಸೊಪ್ಪು, ಹೆಸರುಕಾಳಿನ ಉದ್ದ ಮೊಳಕೆ, ನಿಂಬೆ ಹೋಳು, ಹಸಿಮೆಣಸಿನಕಾಯಿ.

ಅಕ್ಕ ಬೆಳಿಗ್ಗೆ ಐದಕ್ಕೇ ಒಲೆ ಹಚ್ಚುತ್ತಾರೆ. ಕೋಳಿ ಮೂಳೆಯನ್ನು ಒಂದು ಕುದಿ ಬರಿಸಿ ಆ ನೀರು ಚೆಲ್ಲಿ, ಮತ್ತೆ ಹೊಸ ನೀರು ಇಡುತ್ತಾರೆ. ಆಮೇಲೆ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬಿಡುತ್ತಾರೆ. ಮಧ್ಯೆ ಮಧ್ಯೆ ನೊರೆ ತೆಗೆಯುತ್ತಿರಬೇಕು, ಇಲ್ಲದಿದ್ದರೆ ಸಾರು ಕದಡಿಹೋಗುತ್ತದೆ. ಈರುಳ್ಳಿ, ಶುಂಠಿಯನ್ನು ಸಿಪ್ಪೆ ಸಮೇತ ಬೆಂಕಿಗೆ ಹಿಡಿದು ಕಪ್ಪಾಗುವ ತನಕ ಸುಡುತ್ತಾರೆ. ಮುದ್ದೆ ಸಾರಿಗೆ ನಮ್ಮ ಅಜ್ಜಿಯೂ ಈರುಳ್ಳಿಯನ್ನು ಹೀಗೇ ಕೆಂಡದಲ್ಲಿ ಸುಟ್ಟು ರುಬ್ಬುತ್ತಿದ್ದರು.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವಾರ ಯಜಮಾನರು ಬೇಸರದಲ್ಲಿ ಹೇಳಿದರು. “ಮುಂದಿನ ತಿಂಗಳಿಂದ ಗೋಬಿ ಮಂಚೂರಿ, ಫ್ರೈಡ್ ರೈಸ್ ಇಡೋಣ ಅಂತಿದ್ದೀನಿ ಮೇಡಂ. ಬರೋರು ಮೆನು ನೋಡಿ ಎದ್ದು ಹೋಗ್ತಾರೆ.” ಅವತ್ತೇ ನಾನೂ ಕಣ್ಣಾರೆ ನೋಡಿದೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು ಬಂದು ಕೂತರು. ಕಾರ್ಡ್ ನೋಡಿದರು. ಒಬ್ಬರ ಕಿವಿಯಲ್ಲಿ ಒಬ್ಬರು ಏನೋ ಅಂದುಕೊಂಡರು. ನೀರು ಕುಡಿದು ಎದ್ದು ಹೋದರು. ಅಕ್ಕ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತೇ ಇದ್ದರು.

ತಪ್ಪು ಊಟದ್ದಲ್ಲ, ಆ ಕಾರ್ಡಿನದು. ಇಂಗ್ಲಿಷ್ ಅಕ್ಷರದಲ್ಲಿ ವಿಯೆಟ್ನಾಮಿ ಹೆಸರು, ಮುಂದೆ ದುಡ್ಡು, ಅಷ್ಟೇ. ಏನು ತಿನ್ನುತ್ತೇವೆ ಅಂತ ಗೊತ್ತಾಗದೆ ಯಾರು ತಾನೆ ಆರ್ಡರ್ ಮಾಡುತ್ತಾರೆ? ಕನ್ನಡದಲ್ಲಿ ಒಂದು ಬೋರ್ಡ್ ಬರೆದುಕೊಡುತ್ತೇನೆ, ಅಲ್ಲಿಯ ತನಕ ತಡೆಯಿರಿ ಅಂತ ಹೇಳಿ ಬಂದಿದ್ದೇನೆ. ಒಬ್ಬಳಿಂದ ಆಗುವ ಕೆಲಸವಲ್ಲ. ಸಹಾಯ ಮಾಡಿ. ಹೋಟೆಲ್ ಹೆಸರು ಇಲ್ಲಿ ಹಾಕುವುದಿಲ್ಲ, ಪ್ರಚಾರ ಅಂತ ಯಾರಿಗೂ ಅನ್ನಿಸುವುದು ಬೇಡ.

ತಟ್ಟೆ ಇಡ್ಲಿ · ಸೋಮವಾರ, ರಾತ್ರಿ 10.15

ಯಾವ ಹೋಟೆಲ್ ಅಂತ ಗೊತ್ತಾಯಿತು. ನಾನು ಹೋಗಿದ್ದೇನೆ. ಮನಸ್ಸಿನಲ್ಲಿ ಇದ್ದದ್ದನ್ನು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸಾರು ಸಪ್ಪೆ. ಉಪ್ಪು ಇಲ್ಲ, ಖಾರ ಇಲ್ಲ. ಒಂದು ಬಟ್ಟಲಿಗೆ 180 ರೂಪಾಯಿ. ಅದೇ ದುಡ್ಡಿಗೆ ಕ್ಯಾತ್ಸಂದ್ರದಲ್ಲಿ ನಾವು ಮೂರು ಜನ ಹೊಟ್ಟೆ ತುಂಬಾ ತಟ್ಟೆ ಇಡ್ಲಿ ತಿಂದು ಕಾಫಿಯನ್ನೂ ಕುಡಿಯುತ್ತೇವೆ. ಆ ದಂಪತಿ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಲಿಗೆಗೆ ಹಿಡಿಸದಿದ್ದರೆ ಬೋರ್ಡ್ ಬದಲಾಯಿಸಿ ಏನು ಪ್ರಯೋಜನ?

ಅಮಾನಿಕೆರೆ ದಂಡೆ · ಸೋಮವಾರ, ರಾತ್ರಿ 10.32

ಬೇಜಾರೇನೂ ಇಲ್ಲ ಸರ್. ಒಂದು ಮಾತು ಕೇಳಲಾ? ಪಕ್ಕದ ತಟ್ಟೆಯಲ್ಲಿದ್ದ ಸೊಪ್ಪು, ನಿಂಬೆಹಣ್ಣು, ಮೆಣಸಿನಕಾಯಿಯನ್ನು ಏನು ಮಾಡಿದಿರಿ?

ತಟ್ಟೆ ಇಡ್ಲಿ · ಸೋಮವಾರ, ರಾತ್ರಿ 10.36

ಅದು ಸುಮ್ನೆ ಅಲಂಕಾರಕ್ಕೆ ಇಟ್ಟಿದ್ದಾರೆ ಅಂದುಕೊಂಡೆ. ಮುಟ್ಟಲಿಲ್ಲ.

ಅಮಾನಿಕೆರೆ ದಂಡೆ · ಸೋಮವಾರ, ರಾತ್ರಿ 10.58

ನೋಡಿ, ಇದನ್ನೇ ಬೋರ್ಡಿನಲ್ಲಿ ಬರೆಯಬೇಕಾಗಿರುವುದು. ನಿಮ್ಮ ತಪ್ಪೇನೂ ಇಲ್ಲ, ಯಾರೂ ಹೇಳಿಕೊಡಲಿಲ್ಲ.

ಆ ಬಟ್ಟಲು ಅಡುಗೆಮನೆಯಲ್ಲಿ ಮುಗಿಯುವುದಿಲ್ಲ. ತಿನ್ನುವವರ ಕೈಯಲ್ಲಿ ಮುಗಿಯುತ್ತದೆ. ಮೊದಲು ಸಾರನ್ನು ಹಾಗೇ ಒಂದು ಚಮಚ ಕುಡಿದು ನೋಡಬೇಕು. ಆಮೇಲೆ ಸೊಪ್ಪನ್ನು ಕೈಯಿಂದ ಹರಿದು ಹಾಕಬೇಕು. ಚಾಕು ಬೇಡ, ಹರಿದರೇ ಘಮ ಬರುವುದು. ಮೊಳಕೆಯನ್ನು ಬಿಸಿ ಸಾರಿನೊಳಗೆ ಒತ್ತಿದರೆ ಅರೆ ಬೇಯುತ್ತದೆ, ಕಚ್ಚಿದರೆ ಕರುಂ ಅನ್ನುತ್ತದೆ. ನಿಂಬೆ ಹಿಂಡಿ, ನಿಮಗೆ ಬೇಕಾದಷ್ಟು ಮೆಣಸಿನಕಾಯಿ ಹಾಕಿಕೊಳ್ಳಿ. ಪುಟ್ಟ ಬಟ್ಟಲಲ್ಲಿ ಉಪ್ಪಿನ ಸಾಸ್ ಇರುತ್ತದೆ, ಅದನ್ನು ಎರಡು ಹನಿ. ಈಗ ತಿರುಗಿಸಿ ಕುಡಿಯಿರಿ. ಸಪ್ಪೆ ಅನ್ನುವ ಮಾತೇ ಬರುವುದಿಲ್ಲ.

ನಮ್ಮ ಅತ್ತೆ ಮೊದಲ ಸಲ ನಿಮ್ಮ ಹಾಗೇ “ಜ್ವರ ಬಂದೋರಿಗೆ ಕೊಡೋ ಗಂಜಿ ಇದ್ದ ಹಾಗಿದೆ” ಅಂದರು. ಅಕ್ಕ ಪಕ್ಕ ಬಂದು ಕೂತು, ಒಂದು ಎಲೆ ಹರಿದು ಅವರ ಮೂಗಿನ ಹತ್ತಿರ ಹಿಡಿದರು. ಅತ್ತೆ ಥಟ್ಟನೆ “ಇದು ಕಾಮಕಸ್ತೂರಿ ಅಲ್ವೇನೇ!” ಅಂದುಬಿಟ್ಟರು. ಅವತ್ತಿನಿಂದ ಅವರೇ ನನ್ನನ್ನು ಹೊರಡಿಸಿಕೊಂಡು ಹೋಗುತ್ತಾರೆ.

ಸೈಗಾನ್ ಕನ್ನಡಿಗ · ಮಂಗಳವಾರ, ಬೆಳಿಗ್ಗೆ 6.05

ನಾನು ಶಿರಾದವನು. ಏಳು ವರ್ಷದಿಂದ ಹೋ ಚಿ ಮಿನ್ ಸಿಟಿಯಲ್ಲಿ ಇದ್ದೇನೆ. ಇಲ್ಲಿಯ ಜನ ಮಾತಿನಲ್ಲಿ ಇವತ್ತಿಗೂ ಸೈಗಾನ್ ಅಂತಲೇ ಅನ್ನುತ್ತಾರೆ. ನಮ್ಮೂರಲ್ಲಿ ಹೀಗೊಂದು ಹೋಟೆಲ್ ಇದೆ ಅಂತ ಓದಿ ಬೆಳಿಗ್ಗೆ ಬೆಳಿಗ್ಗೆಯೇ ತುಂಬಾ ಖುಷಿಯಾಯಿತು.

ಮೇಡಂ ಹೇಳಿದ್ದು ಸರಿ. ಆ ಸಾರಿನ ಬಟ್ಟಲಿನ ಹೆಸರು ‘ಫಅ’. ‘ಫೋ’ ಅಂತ ಎಳೆಯಬಾರದು. ‘ಫ’ ಅಂದು, ಹಿಂದೆಯೇ ಒಂದು ‘ಅ’ವನ್ನು ಪ್ರಶ್ನೆ ಕೇಳುವ ಧಾಟಿಯಲ್ಲಿ ಮೇಲೆತ್ತಬೇಕು. ಈ ಭಾಷೆಯಲ್ಲಿ ರಾಗ ಬದಲಾದರೆ ಅರ್ಥವೇ ಬದಲಾಗುತ್ತದೆ. ‘ಮ’ ಅನ್ನುವ ಒಂದೇ ಅಕ್ಷರ ರಾಗಕ್ಕೆ ತಕ್ಕ ಹಾಗೆ ದೆವ್ವ, ಅಮ್ಮ, ಭತ್ತದ ಪೈರು ಎಲ್ಲವೂ ಆಗುತ್ತದೆ.

ಫಅ ಹುಟ್ಟಿದ್ದು ಉತ್ತರದಲ್ಲಿ, ಹನೋಯ್, ನಾಮ್ ದಿನ್ ಕಡೆ, 20ನೇ ಶತಮಾನದ ಶುರುವಿನಲ್ಲಿ. 1954ರಲ್ಲಿ ದೇಶ ಎರಡಾದಾಗ ಲಕ್ಷಗಟ್ಟಲೆ ಜನ ಉತ್ತರದಿಂದ ದಕ್ಷಿಣಕ್ಕೆ ಬಂದರು. ಅವರ ಜೊತೆ ಇದೂ ಬಂದು ದಕ್ಷಿಣದಲ್ಲೆಲ್ಲ ಹರಡಿತು. ಉತ್ತರದವರು ಸೊಪ್ಪು ಕಡಿಮೆ ಹಾಕುತ್ತಾರೆ, ಸಾರಿನ ರುಚಿಯೇ ಅವರಿಗೆ ಮುಖ್ಯ. ತಟ್ಟೆ ತುಂಬಾ ಸೊಪ್ಪು, ಮೊಳಕೆ ಕೊಡುವುದು ದಕ್ಷಿಣದ ಪದ್ಧತಿ. ಬೆನ್ ತ್ರೆಯವರು ಅಂದಮೇಲೆ ಅಕ್ಕನ ಕೈಯದು ದಕ್ಷಿಣದ ಕೈ.

ಸೊಪ್ಪಿನ ತಟ್ಟೆಗೆ ಇಲ್ಲಿ ಬೇರೆ ದುಡ್ಡು ತೆಗೆದುಕೊಳ್ಳುವುದಿಲ್ಲ, ನಮ್ಮಲ್ಲಿ ಚಟ್ನಿಗೆ ತೆಗೆದುಕೊಳ್ಳದ ಹಾಗೆ. ಮುಗಿದರೆ ಮತ್ತೆ ಕೇಳಿ.

ಇನ್ನು ‘ಬಾ’ ವಿಷಯ. ಇಲ್ಲಿ ಯಾರನ್ನೂ ಬರೀ ‘ನೀವು’ ಅಂತ ಮಾತಾಡಿಸುವುದು ಕಡಿಮೆ. ಅಣ್ಣ, ಅಕ್ಕ, ತಮ್ಮ, ಅತ್ತೆ, ಅಜ್ಜಿ, ಹೀಗೆ ವಯಸ್ಸು ನೋಡಿ ನಂಟು ಹಚ್ಚಿಯೇ ಕರೆಯುತ್ತಾರೆ. ಹೊಸದಾಗಿ ಬಂದಾಗ ಇದೊಂದು ಮಾತ್ರ ನನಗೆ ಕಲಿಯಲು ಕಷ್ಟವಾಗಲಿಲ್ಲ.

ಮಠದ ಹಳೆ ವಿದ್ಯಾರ್ಥಿ · ಮಂಗಳವಾರ, ಬೆಳಿಗ್ಗೆ 8.20

ನಾನು ಸಿದ್ಧಗಂಗಾ ಮಠದಲ್ಲಿ ಓದಿದವನು, ಮನೆಯಲ್ಲಿ ಎಲ್ಲರೂ ಶುದ್ಧ ಸಸ್ಯಾಹಾರಿಗಳು. ವಿಯೆಟ್ನಾಮ್ ಊಟದಲ್ಲಿ ಎಲ್ಲದಕ್ಕೂ ಮೀನಿನ ನೀರು ಹಾಕುತ್ತಾರೆ ಅಂತ ಕೇಳಿದ್ದೇನೆ. ವೆಜ್ ಅಂತ ಬರೆದಿದ್ದರೂ ಒಳಗೆ ಅದು ಇರುತ್ತದಾ? ಈ ಅನುಮಾನ ಇರುವ ತನಕ ನಮ್ಮಂಥವರು ಬಾಗಿಲಿಗೂ ಬರುವುದಿಲ್ಲ. ತುಮಕೂರಿನಲ್ಲಿ ನಮ್ಮಂಥವರು ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತು.

ಅಮಾನಿಕೆರೆ ದಂಡೆ · ಮಂಗಳವಾರ, ಬೆಳಿಗ್ಗೆ 8.45

ಒಳ್ಳೆ ಪ್ರಶ್ನೆ ಸರ್. ಇವತ್ತು ಅವರಿಗೆ ರಜೆ, ಆದರೂ ಮನೆಗೇ ಹೋಗಿ ಕೇಳಿಕೊಂಡು ಬರುತ್ತೇನೆ. ಅಂದಾಜಿನ ಮೇಲೆ ಹೇಳುವ ವಿಷಯವಲ್ಲ ಇದು.

ಸೈಗಾನ್ ಕನ್ನಡಿಗ · ಮಂಗಳವಾರ, ಬೆಳಿಗ್ಗೆ 9.10

ಅಷ್ಟರಲ್ಲಿ ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ಆ ಸಾಸಿನ ಹೆಸರು ‘ನುಕ್ ಮಾಮ್’. ಸಣ್ಣ ಮೀನನ್ನೂ ಉಪ್ಪನ್ನೂ ದೊಡ್ಡ ಮರದ ಪೀಪಾಯಿಯಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಹಾಕಿಟ್ಟು ಇಳಿಸುವ ರಸ. ಫು ಕ್ವೋಕ್ ದ್ವೀಪದ್ದು ಬಹಳ ಹೆಸರುವಾಸಿ. ಮಾಮೂಲಿ ಅಡುಗೆಯಲ್ಲಿ ಅದು ಇದ್ದೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ನಿಮ್ಮ ಅನುಮಾನ ಸರಿಯಾದದ್ದೇ.

ಆದರೆ ಇಲ್ಲಿ ಸಸ್ಯಾಹಾರಕ್ಕೇ ಒಂದು ಹೆಸರಿದೆ, ‘ಚಾಯ್’. ನಮ್ಮ ಟೀ ಅಲ್ಲ. ಬೌದ್ಧರಲ್ಲಿ ತುಂಬಾ ಜನ ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೇ ದಿನ ಮಾಂಸ, ಮೀನು ಮುಟ್ಟುವುದಿಲ್ಲ. ನಮ್ಮ ಲೆಕ್ಕದಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು. ಆ ದಿನ ಚಾಯ್ ಹೋಟೆಲುಗಳ ಮುಂದೆ ಜಾಗ ಸಿಗುವುದಿಲ್ಲ. ಮೀನಿನ ಸಾಸಿನ ಬದಲು ಸೋಯಾ ಸಾಸ್ ಹಾಕುತ್ತಾರೆ. ಸಾರಿಗೆ ಮೂಲಂಗಿ, ಕ್ಯಾರೆಟ್, ಜೋಳದ ತೆನೆ, ಒಣಗಿದ ಅಣಬೆ. ಮಾಂಸ ತಿನ್ನುವ ನಾನೂ ಆ ಎರಡು ದಿನ ಅದನ್ನೇ ಹುಡುಕಿಕೊಂಡು ಹೋಗುತ್ತೇನೆ, ಅಷ್ಟು ಚೆನ್ನಾಗಿರುತ್ತದೆ.

ಪುಟ್ಟ ಹೋಟೆಲ್ · ಮಂಗಳವಾರ, ಮಧ್ಯಾಹ್ನ 3.30

ಗುಬ್ಬಿ ಗೇಟ್ ಹತ್ತಿರ ಹದಿನೆಂಟು ವರ್ಷದಿಂದ ಸಣ್ಣ ಹೋಟೆಲ್ ನಡೆಸುತ್ತಿದ್ದೇನೆ. ಊಟದ ರಷ್ ಮುಗಿಸಿ ಈಗ ಕೂತು ಎಲ್ಲಾ ಓದಿದೆ.

ಗೋಬಿ ಇಡಬೇಕು ಅನ್ನುವ ಆ ಯಜಮಾನರ ಸಂಕಟ ನನಗೆ ಅರ್ಥವಾಗುತ್ತದೆ. ದಯವಿಟ್ಟು ಯಾರೂ ಹಗುರವಾಗಿ ಮಾತಾಡಬೇಡಿ. ಒಂದನೇ ತಾರೀಕು ಬಾಡಿಗೆ ಕೇಳಲು ಬರುವವರಿಗೆ ಸಾರಿನ ಘಮ ತೋರಿಸಿ ಕಳಿಸಲು ಆಗುವುದಿಲ್ಲ. ಸಂಜೆ ಹೊತ್ತು ಗೋಬಿ ಓಡುತ್ತದೆ, ಕೈಗೆ ದುಡ್ಡು ಬರುತ್ತದೆ. ಬಣ್ಣ ಹಾಕದೆ ಮಾಡಿದರೆ ಗೋಬಿಯೂ ಒಳ್ಳೆ ತಿಂಡಿಯೇ. 2024ರ ಮಾರ್ಚ್‌ನಲ್ಲಿ ಸರ್ಕಾರ ಕೃತಕ ಬಣ್ಣ ನಿಲ್ಲಿಸಿದ ಮೇಲೆ ನಾನೂ ಬಣ್ಣವಿಲ್ಲದೆಯೇ ಮಾಡುತ್ತೇನೆ.

ಆದರೂ ಅವರಿಗೆ ಬೇಡ ಅಂತಲೇ ಹೇಳುತ್ತೇನೆ, ಅನುಭವದಿಂದ. ಆರು ಟೇಬಲ್ ಹೋಟೆಲಿನ ಅಡುಗೆಮನೆ ಎಷ್ಟಿರುತ್ತದೆ ಅಂತ ನನಗೆ ಗೊತ್ತು. ಒಂದು ಕಡೆ ಎಣ್ಣೆ ಬಾಣಲೆ ಕಾಯಲು ಶುರುವಾದರೆ ಆ ವಾಸನೆ ಎಲ್ಲದಕ್ಕೂ ಹತ್ತುತ್ತದೆ. ಆ ತಿಳಿ ಸಾರು ಮುಗಿದ ಹಾಗೆ. ಇನ್ನೊಂದು, ಗೋಬಿಗೆ ಬರುವವರು ಗೋಬಿ ತಿಂದು ಹೋಗುತ್ತಾರೆ. ಅವರನ್ನು ಸಾರಿನ ಬಟ್ಟಲಿಗೆ ತಿರುಗಿಸುತ್ತೇನೆ ಅನ್ನುವುದು ಕನಸು. ನಮ್ಮ ಬೀದಿಯಲ್ಲೇ ಗೋಬಿ ಗಾಡಿ ಎಷ್ಟಿಲ್ಲ? ಅವರ ಜೊತೆ ಪೈಪೋಟಿಗೆ ಬಿದ್ದರೆ ಇವರಿಗೇ ನಷ್ಟ.

ಬೋರ್ಡಿಗೆ ನನ್ನ ಸಲಹೆ. ಎಂಟು ಐಟಂ ಬೇಡ, ನಾಲ್ಕೈದು ಸಾಕು. ಮೇಲೆ ದೊಡ್ಡದಾಗಿ ಹೆಸರು, ಕೆಳಗೆ ಒಂದೇ ಸಾಲು. ವೆಜ್, ನಾನ್‌ವೆಜ್ ಬೇರೆ ಬೇರೆ ಕಡೆ. ರೇಟು ಎದ್ದು ಕಾಣಬೇಕು. ರೇಟು ಹುಡುಕುವ ಹಾಗಾದರೆ ಜನ ಹೆದರುತ್ತಾರೆ. ಮತ್ತೆ ಅರ್ಧ ಬಟ್ಟಲು ಇಡಲು ಹೇಳಿ. ಹೊಸ ರುಚಿಗೆ 180 ಹಾಕಲು ಹಿಂಜರಿಯುವವರು 100 ಹಾಕುತ್ತಾರೆ.

ಅಮಾನಿಕೆರೆ ದಂಡೆ · ಮಂಗಳವಾರ, ಸಂಜೆ 6.50

ಪುಟ್ಟ ಹೋಟೆಲ್ ಅವರೇ, ಕೈ ಮುಗಿಯುತ್ತೇನೆ. ಅರ್ಧ ಬಟ್ಟಲಿನ ಮಾತು ಯಜಮಾನರಿಗೆ ಕೂಡಲೇ ಹಿಡಿಸಿತು.

ಮಠದ ಹಳೆ ವಿದ್ಯಾರ್ಥಿ ಅವರಿಗೆ ಉತ್ತರ ತಂದಿದ್ದೇನೆ. ಸೊಪ್ಪಿನ ಸುರುಳಿ ಮತ್ತು ತರಕಾರಿ ಫಅ, ಈ ಎರಡಕ್ಕೆ ಪಾತ್ರೆ, ಸೌಟು, ಹಲಗೆ ಎಲ್ಲವೂ ಬೇರೆ. ಹಸಿರು ದಾರ ಕಟ್ಟಿದ್ದಾರೆ, ನಾನೇ ನೋಡಿದೆ. ಅವಕ್ಕೆ ಸೋಯಾ ಸಾಸ್ ಮಾತ್ರ. ಆದರೆ ಬಾಣಲೆ ಒಂದೇ ಇದೆ. ಹಾಗಾಗಿ ಶನಿವಾರ, ಭಾನುವಾರ ಮಾಡುವ ಅರಿಶಿನ ದೋಸೆಯನ್ನು ಶುದ್ಧ ಸಸ್ಯಾಹಾರ ಅಂತ ಹೇಳಲಾರೆ ಅಂತ ಅಕ್ಕ ತಾವಾಗಿಯೇ ಹೇಳಿದರು. ಅದನ್ನು ಕೇಳಿ ನನಗೆ ಅವರ ಮೇಲೆ ಗೌರವ ಇನ್ನೂ ಜಾಸ್ತಿಯಾಯಿತು. ಹುಣ್ಣಿಮೆ, ಅಮಾವಾಸ್ಯೆ ದಿನ ಅವರು ಮನೆಯಲ್ಲಿ ಮೊದಲಿನಿಂದಲೂ ಚಾಯ್ ಮಾಡಿಕೊಳ್ಳುತ್ತಾರಂತೆ. ಆ ಎರಡು ದಿನ ಹೋಟೆಲಿನಲ್ಲೂ ಮಾಂಸ, ಮೀನು ಇಡುವುದು ಬೇಡ, ಪೂರ್ತಿ ಸಸ್ಯಾಹಾರ ಮಾಡೋಣವಾ ಅಂತ ಯಜಮಾನರನ್ನು ಕೇಳುತ್ತಿದ್ದರು.

ಮಠದ ಹಳೆ ವಿದ್ಯಾರ್ಥಿ · ಮಂಗಳವಾರ, ರಾತ್ರಿ 7.15

ಹಾಗೆ ಮಾಡಿದರೆ ಮೊದಲ ಹುಣ್ಣಿಮೆಗೆ ನಾವು ಐದು ಜನ ಬರುತ್ತೇವೆ. ಬರೆದಿಟ್ಟುಕೊಳ್ಳಿ.

ಕನ್ನಡ ಮೇಷ್ಟ್ರು · ಮಂಗಳವಾರ, ರಾತ್ರಿ 8.40

ಬೋರ್ಡಿನ ಭಾಷೆ ಬಗ್ಗೆ ಯಾರೂ ಇನ್ನೂ ಮಾತಾಡಿಲ್ಲ. ನನ್ನ ಪ್ರಕಾರ ಎಲ್ಲವಕ್ಕೂ ಕನ್ನಡ ಹೆಸರೇ ಇಡಬೇಕು. ಫಅ ಅಂದರೆ ‘ಅಕ್ಕಿಪಟ್ಟಿ ಸಾರು’. ಅಕ್ಕಿ ಹಾಳೆಯಲ್ಲಿ ಸೊಪ್ಪು ಸುತ್ತಿದ್ದು ‘ಸೊಪ್ಪಿನ ಸುರುಳಿ’. ನುಚ್ಚಕ್ಕಿ ಅನ್ನದ ಮೇಲೆ ಸುಟ್ಟ ಕೋಳಿ ಇಟ್ಟು ಕೊಡುತ್ತಾರಲ್ಲ, ಅದು ‘ನುಚ್ಚನ್ನ’. ಓದಿದ ಕೂಡಲೇ ಬಾಯಲ್ಲಿ ನೀರು ಬರಬೇಕು. ಬಾಯಿ ತಿರುಗದ ಹೆಸರು ಯಾಕೆ?

ಸೈಗಾನ್ ಕನ್ನಡಿಗ · ಮಂಗಳವಾರ, ರಾತ್ರಿ 9.05

ಮೇಷ್ಟ್ರೇ, ನಿಮ್ಮ ಪದಗಳು ಬಹಳ ಚೆನ್ನಾಗಿವೆ. ಆದರೆ ಮೂಲ ಹೆಸರು ತೆಗೆಯಬೇಡಿ. ಇಲ್ಲಿ ಒಂದು ಹೋಟೆಲಿನಲ್ಲಿ ಇಡ್ಲಿಗೆ ‘ಉಪ್ಪು ಅಕ್ಕಿ ಕೇಕ್’ ಅಂತ ಅವರ ಭಾಷೆಯಲ್ಲಿ ಬರೆದಿದ್ದರು. ಓದಿ ಹೊಟ್ಟೆಯಲ್ಲಿ ಏನೋ ಸಂಕಟವಾಯಿತು. ಇಡ್ಲಿಯನ್ನು ಇಡ್ಲಿ ಅಂತಲೇ ಕರೆಯಬೇಕು ಅಲ್ವಾ? ಅಕ್ಕನಿಗೂ ಹಾಗೇ ಅನ್ನಿಸಬಹುದು. ಊರು, ಮನೆ, ಭಾಷೆ ಎಲ್ಲಾ ಬಿಟ್ಟು ಬಂದಿದ್ದಾರೆ. ಆ ನಾಲ್ಕು ಹೆಸರಾದರೂ ಗೋಡೆ ಮೇಲೆ ಇರಲಿ. ಕೆಳಗಿನ ಸಾಲಿಗೆ ನಿಮ್ಮ ಕನ್ನಡ ಬರಲಿ.

ಅರಿಶಿನ ದೋಸೆ ಬಗ್ಗೆ ಒಂದು ವಿಷಯ. ಅದರ ಹೆಸರು ‘ಬಾನ್ ಸೆಯೊ’. ಅಕ್ಕಿ ಹಿಟ್ಟು, ಅರಿಶಿನ, ತೆಂಗಿನ ಹಾಲು. ಹುಳಿ ಬರಿಸುವುದಿಲ್ಲ, ನಮ್ಮ ನೀರು ದೋಸೆಯ ಹಾಗೆ. ‘ಸೆಯೊ’ ಅಂದರೆ ಕಾದ ಬಾಣಲೆಗೆ ಹಿಟ್ಟು ಬಿದ್ದಾಗ ಬರುವ ಸದ್ದು.

ಕನ್ನಡ ಮೇಷ್ಟ್ರು · ಮಂಗಳವಾರ, ರಾತ್ರಿ 9.12

ಹಾಗಾದರೆ ಅದು ‘ಚುಂಯ್ ದೋಸೆ’! ನಮ್ಮಲ್ಲಿ ಕಾವಲಿಗೆ ಹಿಟ್ಟು ಬಿದ್ದರೆ ಚುಂಯ್ ಅಂತಲೇ ಅನ್ನುವುದು.

ಇಡ್ಲಿಯ ಮಾತು ಒಪ್ಪಿದೆ. ಹೆಸರು ಅವರದು, ವಿವರ ನಮ್ಮದು. ಹಾಗೇ ಮಾಡೋಣ.

ಒಂದೆಲಗ · ಬುಧವಾರ, ಬೆಳಿಗ್ಗೆ 7.30

ಸೊಪ್ಪಿನ ವಿಷಯ ನೋಡಿ ಬರೆಯಬೇಕು ಅನ್ನಿಸಿತು. ಮನೆ ಮೇಲೆ ಕುಂಡಗಳಲ್ಲಿ ಸೊಪ್ಪು ಬೆಳೆಯುತ್ತೇನೆ. ಆ ಹೋಟೆಲಿಗೆ ವಾರಕ್ಕೆ ಎರಡು ಸಲ ಕೊಡುವವಳು ನಾನೇ.

ಅಕ್ಕ ಹೊಸದಾಗಿ ಬಂದಾಗ ಸೊಪ್ಪಿಲ್ಲದೆ ಬಹಳ ಕಷ್ಟಪಟ್ಟಿದ್ದಾರೆ. ಪುದೀನ, ಕೊತ್ತಂಬರಿ ಅಂತರಸನಹಳ್ಳಿ ಮಾರ್ಕೆಟ್ಟಿನಲ್ಲಿ ಸಿಗುತ್ತದೆ. ಆದರೆ ಅವರಿಗೆ ಬೇಕಾದ ಆ ಸಿಹಿ ಘಮದ ಎಲೆ ತರಕಾರಿ ಅಂಗಡಿಯಲ್ಲಿ ಎಲ್ಲೂ ಸಿಗಲಿಲ್ಲ. ಒಂದು ದಿನ ಹೂವು ತರಲು ಹೋದಾಗ ಹೂವಮ್ಮ ದವನ, ಮರುಗದ ಜೊತೆ ಕಾಮಕಸ್ತೂರಿ ಸೇರಿಸಿ ಕಟ್ಟುತ್ತಿದ್ದರಂತೆ. ಅಕ್ಕ ಅಲ್ಲೇ ಕೂತುಬಿಟ್ಟಿದ್ದಾರೆ. ಒಂದು ಎಲೆಯನ್ನು ಎರಡು ಬೆರಳಲ್ಲಿ ಉಜ್ಜಿ, ಮೂಗಿಗೆ ಹಿಡಿದು, ಕಣ್ಣು ಮುಚ್ಚಿಕೊಂಡು. ಹೂವಮ್ಮನಿಗೆ ಗಾಬರಿ. “ಯಾಕವ್ವ, ಏನಾಯ್ತು?” ಅಂತ ನೀರು ಕೊಟ್ಟರಂತೆ. ಅವರ ದೇಶದ ಎಲೆಯೂ ನಮ್ಮ ಕಾಮಕಸ್ತೂರಿಯೂ ಒಂದೇ ಜಾತಿ, ಸ್ವಲ್ಪ ತಳಿ ಬೇರೆ. ನಾವು ದೇವರ ತಲೆ ಮೇಲೆ ಇಡುತ್ತೇವೆ, ಅವರು ಬಟ್ಟಲಿಗೆ ಹಾಕುತ್ತಾರೆ.

ಆಮೇಲೆ ನನ್ನ ತಾರಸಿಗೆ ಬಂದರು. ಒಂದೊಂದೇ ಕುಂಡ ಮುಟ್ಟಿ ಅವರ ಭಾಷೆಯಲ್ಲಿ ಹೆಸರು ಹೇಳುತ್ತಾ ಹೋದರು. ಮಜ್ಜಿಗೆ ಹುಲ್ಲು ಅವರಿಗೆ ಗೊತ್ತು, ಕೋಳಿಯನ್ನು ಅದರಲ್ಲೇ ನೆನೆಸಿಡುತ್ತಾರೆ. ದೊಡ್ಡಪತ್ರೆ ಗೊತ್ತು, ಅವರ ಕಡೆಯೂ ಮಕ್ಕಳ ಕೆಮ್ಮಿಗೆ ಕೊಡುತ್ತಾರೆ. ಒಂದೆಲಗ ನೋಡಿದ ಮೇಲಂತೂ ನಗು ನಿಲ್ಲಲಿಲ್ಲ. ಅವರು ಅದನ್ನು ರುಬ್ಬಿ, ಸೋಸಿ, ಸಕ್ಕರೆ, ಐಸ್ ಹಾಕಿ ಬಿಸಿಲಿಗೆ ಕುಡಿಯುತ್ತಾರಂತೆ. ನಾನು ತಂಬುಳಿ ಮಾಡಿ ಬಡಿಸಿದೆ. ಮಜ್ಜಿಗೆ ಹಾಕಿದ್ದು ಅವರಿಗೆ ಹೊಸದು, ಆದರೂ ಎರಡು ಲೋಟ ಕುಡಿದರು.

ಬೋರ್ಡಿನಲ್ಲಿ ಒಂದೆಲಗದ ಪಾನಕ ಸೇರಿಸಿ. ಬೇಸಿಗೆ ಬರುತ್ತಿದೆ. ಸೊಪ್ಪು ನನ್ನದು.

ಹುಣಸೆ ಮಂಡಿ · ಬುಧವಾರ, ಬೆಳಿಗ್ಗೆ 11.00

ಹುಣಸೆಹಣ್ಣು ಹಾಕಿ ಮಾಡುವ ಹುಳಿ ಸಾರು ಅವರಲ್ಲೂ ಇದೆ ಅಂತ ಕೇಳಿದ್ದೇನೆ, ನಿಜವಾ? ತುಮಕೂರಿನಲ್ಲಿ ಹೋಟೆಲ್ ಇಟ್ಟು ಹುಣಸೆಹಣ್ಣಿನ ಐಟಂ ಇಲ್ಲದಿದ್ದರೆ ಹೇಗೆ?

ಸೈಗಾನ್ ಕನ್ನಡಿಗ · ಬುಧವಾರ, ಮಧ್ಯಾಹ್ನ 12.20

ನಿಜ. ‘ಕಾನ್ ಚುವಾ’ ಅಂತ. ಮೆಕಾಂಗ್ ಕಡೆಯವರ ಮನೆ ಅಡುಗೆ. ಹುಣಸೆ ರಸ, ಟೊಮೆಟೊ, ಬೆಂಡೆಕಾಯಿ, ಅನಾನಸ್ ಹಣ್ಣು, ಕೆಸುವಿನ ಜಾತಿಯ ಒಂದು ದಂಟು, ಮೀನು. ಸಿಹಿ, ಹುಳಿ ಎರಡೂ ಇರುತ್ತದೆ. ಬೆನ್ ತ್ರೆಯವರಿಗೆ ಹೇಳಿಕೊಡಬೇಕಾಗಿಲ್ಲ, ಕೇಳಿದರೆ ಮಾಡುತ್ತಾರೆ.

ಕಾಫಿಯನ್ನೂ ಮರೆಯಬೇಡಿ. ಲೋಟದ ಮೇಲೆ ಪುಟ್ಟ ಫಿಲ್ಟರ್ ಇಟ್ಟು ಕೊಡುತ್ತಾರೆ, ಡಿಕಾಕ್ಷನ್ ಹನಿ ಹನಿಯಾಗಿ ಕಣ್ಣೆದುರಿಗೇ ಇಳಿಯುತ್ತದೆ. ತಳದಲ್ಲಿ ಮಂದ ಸಿಹಿ ಹಾಲು. ಕಾಫಿ ಗಿಡ ಇಲ್ಲಿಗೆ ಬಂದದ್ದು 1857ರಲ್ಲಿ, ಫ್ರೆಂಚ್ ಪಾದ್ರಿಗಳಿಂದ. ಆಗ ತಾಜಾ ಹಾಲು ಸಿಗುವುದು ಕಷ್ಟವಿತ್ತು, ಅದಕ್ಕೇ ಡಬ್ಬಿ ಹಾಲು ರೂಢಿಯಾಯಿತು. ಇವತ್ತು ಬ್ರೆಜಿಲ್ ಬಿಟ್ಟರೆ ಅತಿ ಹೆಚ್ಚು ಕಾಫಿ ಬೆಳೆಯುವುದು ವಿಯೆಟ್ನಾಮ್, ಹೆಚ್ಚಿನದು ರೊಬಸ್ಟಾ. ನಮ್ಮವರಿಗೆ ಇದನ್ನು ವಿವರಿಸುವುದೇ ಬೇಡ, ಒಂದು ಗುಟುಕಿಗೆ ಅರ್ಥವಾಗುತ್ತದೆ.

ಅಮಾನಿಕೆರೆ ದಂಡೆ · ಗುರುವಾರ, ರಾತ್ರಿ 10.05

ಬೋರ್ಡ್ ಬರೆದಾಯಿತು. ಮೇಷ್ಟ್ರು ತಾವೇ ಬಂದು ಸೀಮೆಸುಣ್ಣ ಹಿಡಿದರು, ಅವರ ಕೈಬರಹ ನೋಡಲು ಎರಡು ಕಣ್ಣು ಸಾಲದು. ಬರೆದದ್ದನ್ನು ಇಲ್ಲಿ ಹಾಕುತ್ತೇನೆ, ತಪ್ಪಿದ್ದರೆ ಹೇಳಿ.

ಫಅ: ತಿಳಿ ಸಾರಿನಲ್ಲಿ ಅಕ್ಕಿಪಟ್ಟಿ. ಕೋಳಿಯದು ಬೇರೆ, ತರಕಾರಿಯದು ಬೇರೆ. ಸೊಪ್ಪು ಹರಿದು ಹಾಕಿ, ನಿಂಬೆ ಹಿಂಡಿ, ಖಾರ ನಿಮ್ಮಿಷ್ಟ. ಪೂರ್ತಿ 180, ಅರ್ಧ 100.

ಗೊಯ್ ಕುವನ್: ಅಕ್ಕಿ ಹಾಳೆಯಲ್ಲಿ ಸುತ್ತಿದ ಸೊಪ್ಪಿನ ಸುರುಳಿ. ಎಣ್ಣೆ ಇಲ್ಲ. ಪಾವಗಡದ ಶೇಂಗಾ ಚಟ್ನಿ ಜೊತೆ.

ಕಮ್ ತಮ್: ನುಚ್ಚಕ್ಕಿ ಅನ್ನ, ಮಜ್ಜಿಗೆ ಹುಲ್ಲಿನಲ್ಲಿ ನೆನೆಸಿ ಸುಟ್ಟ ಕೋಳಿ.

ಬಾನ್ ಸೆಯೊ: ಅರಿಶಿನದ ಚುಂಯ್ ದೋಸೆ, ಎಲೆಯಲ್ಲಿ ಸುತ್ತಿ ತಿನ್ನಿ. ಶನಿವಾರ, ಭಾನುವಾರ ಮಾತ್ರ.

ಚೆ: ತೆಂಗಿನ ಹಾಲಿನ ಹೆಸರುಬೇಳೆ ಪಾಯಸ.

ಕೊನೆಯಲ್ಲಿ ಕಾಫಿ, ಒಂದೆಲಗದ ಪಾನಕ. ಅದರ ಕೆಳಗೆ ‘ಹುಣ್ಣಿಮೆ, ಅಮಾವಾಸ್ಯೆ ಪೂರ್ತಿ ಸಸ್ಯಾಹಾರ’ ಅಂತ ಒಂದು ಸಾಲು.

ಪಾವಗಡದ ಶೇಂಗಾ ಅಂತ ಬರೆಸಿದ್ದು ಯಜಮಾನರು. ಅಲ್ಲಿಂದಲೇ ತರಿಸುತ್ತಾರಂತೆ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.

ಮೇಷ್ಟ್ರು ಬರೆಯುವಾಗ ಅಕ್ಕ ಪಕ್ಕದಲ್ಲೇ ನಿಂತಿದ್ದರು. ಕನ್ನಡ ಓದಲು ಈಗ ಕಲಿಯುತ್ತಿದ್ದಾರೆ. ‘ಫ’ ಅಕ್ಷರದ ಮೇಲೆ ಬೆರಳಿಟ್ಟು ನಿಧಾನಕ್ಕೆ “ಫ... ಅ” ಅಂತ ಓದಿದರು. ಆಮೇಲೆ ಅವರ ರಾಗದಲ್ಲಿ ಇನ್ನೊಂದು ಸಲ ಹೇಳಿ, “ಸರಿ, ಸರಿ” ಅಂದರು.

ಗೋಬಿ ವಿಷಯ ಯುಗಾದಿ ಆದಮೇಲೆ ನೋಡೋಣ ಅಂದಿದ್ದಾರೆ ಯಜಮಾನರು. ಅಷ್ಟು ಸಮಯ ಸಿಕ್ಕಿದೆ.

ಪುಟ್ಟ ಹೋಟೆಲ್ · ಗುರುವಾರ, ರಾತ್ರಿ 10.40

ಬೋರ್ಡ್ ಚೆನ್ನಾಗಿದೆ. ರಸ್ತೆಯಿಂದ ಕಾಣುವ ಹಾಗೆ ಬಾಗಿಲ ಹೊರಗೆ ಇಡಿ. ಒಳಗೆ ಇಟ್ಟರೆ ಕೂತ ಮೇಲೆ ಓದಬೇಕಾಗುತ್ತದೆ. ಹೊರಗಿದ್ದರೆ ನಿರ್ಧಾರ ಮಾಡಿಕೊಂಡೇ ಒಳಗೆ ಬರುತ್ತಾರೆ.

ತಟ್ಟೆ ಇಡ್ಲಿ · ಭಾನುವಾರ, ರಾತ್ರಿ 9.20

ಇವತ್ತು ಸಂಜೆ ಮತ್ತೆ ಹೋಗಿದ್ದೆ. ಬೋರ್ಡ್ ಹೊರಗೇ ಇದೆ. ಅರ್ಧ ಬಟ್ಟಲು ಫಅ ತೆಗೆದುಕೊಂಡು ನೀವು ಹೇಳಿದ ಹಾಗೇ ಮಾಡಿದೆ. ಮೊದಲಿಗಿಂತ ಎಷ್ಟೋ ವಾಸಿ. ಆದರೂ ಅದು ನನ್ನ ಊಟ ಅನ್ನಿಸಲಿಲ್ಲ, ಸುಳ್ಳು ಹೇಳಲಾರೆ.

ಚುಂಯ್ ದೋಸೆ ಮಾತ್ರ ಬಹಳ ಹಿಡಿಸಿತು. ಅಂಚು ಕಾಗದದ ಹಾಗೆ ಗರಿಗರಿ, ಮಧ್ಯೆ ಮೆತ್ತಗೆ. ಅಕ್ಕ ಮುರಿದು, ಲೆಟ್ಯೂಸ್ ಎಲೆಯಲ್ಲಿ ಪುದೀನ ಸಮೇತ ಸುತ್ತಿ, ಸಾಸಿನಲ್ಲಿ ಅದ್ದಿ ಕೈಗೆ ಕೊಟ್ಟರು. ಎರಡನೆಯದನ್ನು ನಾನೇ ಸುತ್ತಿಕೊಂಡೆ. ಎಲೆ ಹರಿದು ಎಲ್ಲಾ ತಟ್ಟೆಗೆ ಬಿತ್ತು. ಮೂರನೆಯದು ಸರಿಯಾಯಿತು. ಮುಂದಿನ ವಾರ ಅಮ್ಮನನ್ನು ಕರೆದುಕೊಂಡು ಬರುತ್ತೇನೆ. ಭಾನುವಾರ ಎಷ್ಟು ಗಂಟೆಗೆ ಬಂದರೆ ಜಾಗ ಸಿಗುತ್ತದೆ?

ಅಮಾನಿಕೆರೆ ದಂಡೆ · ಭಾನುವಾರ, ರಾತ್ರಿ 9.31

ಏಳಕ್ಕೆ ಮುಂಚೆ ಬನ್ನಿ ಸರ್. ಕಿಟಕಿ ಪಕ್ಕದ ಟೇಬಲ್ ಅಮ್ಮನಿಗೆ ಅನುಕೂಲ, ಅಲ್ಲಿ ಫ್ಯಾನ್ ಇದೆ. ನಾನೂ ಅತ್ತೆಯೂ ಅಷ್ಟು ಹೊತ್ತಿಗೆ ಅಲ್ಲೇ ಇರುತ್ತೇವೆ.